ಸೂಕ್ಷ್ಮದರ್ಶಕದ ಚಿತ್ರ ತೋರಿಸಿದರೆ ಹೂಳು ಗೊಬ್ಬರವಾಗದು



ಕೆಲವು ವರ್ಷಗಳಿಂದ ನಮ್ಮ ಕಾರ್ಕಳ ಸೀಮೆಯ ಅಡಿಕೆ ತೋಟಗಳಿಗೆ ಟಿಪ್ಪರುಗಟ್ಟಲೆ ನುಣುಪು ಮಣ್ಣು ಬಂದು ಬೀಳುತ್ತಿದೆ. ಕೆರೆ, ಮದಗ, ಕಿಂಡಿ ಅಣೆಕಟ್ಟುಗಳಿಂದ ತೆಗೆದ ಹೂಳು ಅದರಲ್ಲಿ ಒಂದು ಬಗೆ. ಬಾವಿ ತೋಡಿದ, ಮನೆಗೆ ಪಾಯ ತೆಗೆದ, ರಸ್ತೆಗಾಗಿ ಗುಡ್ಡ ಕಡಿದ ಮಣ್ಣು ಇನ್ನೊಂದು ಬಗೆ. ಕಲ್ಲು ಕ್ರಷರಿನ ಹುಡಿಯನ್ನು ಚೀಲಕ್ಕೆ ತುಂಬಿ ‘ಖನಿಜ ಗೊಬ್ಬರ’ ಎಂದು ಹೆಸರಿಟ್ಟು ಮಾರುವುದು ಮೂರನೆಯದು. ಇವನ್ನು ಮಾರಲು ಬರುವವರಲ್ಲಿ ಕೆಲವರು ಈಗ ಬರಿಗೈಯಲ್ಲಿ ಬರುವುದಿಲ್ಲ. ಹೊಳೆಯುವ ಕಾಗದವೊಂದನ್ನು ತರುತ್ತಾರೆ. ಅದರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಕಣದ ಚಿತ್ರ, ಚಿತ್ರದ ಕೆಳಗೆ ಸಿಲಿಕಾನ್ ಇಷ್ಟು, ಅಲ್ಯೂಮಿನಿಯಂ ಇಷ್ಟು, ಕಬ್ಬಿಣ ಇಷ್ಟು, ಪೊಟ್ಯಾಸಿಯಂ ಇಷ್ಟು ಎಂದು ಶೇಕಡಾವಾರು ಪಟ್ಟಿ. ನೋಡಿದ ರೈತನಿಗೆ ‘ವಿಜ್ಞಾನವೇ ಹೇಳಿದೆಯಲ್ಲ’ ಎಂದು ಅನಿಸುವುದು ಸಹಜ.

ನಾನು ಆ ಯಂತ್ರವನ್ನು ಹಳಿಯಲು ಬರೆಯುತ್ತಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ. ಅದು ಹೇಳಿದ್ದು ಒಂದು, ಮಾರುವವರು ಓದಿ ಹೇಳುವುದು ಇನ್ನೊಂದು, ಅಷ್ಟೇ. ಅದೇ ಯಂತ್ರವನ್ನು ಸರಿಯಾದ ಕೆಲಸಕ್ಕೆ ಹಚ್ಚಿದರೆ ನಮ್ಮ ಕರಾವಳಿಯ ಬೇಸಾಯಕ್ಕೆ ದೊಡ್ಡ ಉಪಕಾರವಾದೀತು ಎಂಬುದೂ ನನ್ನ ಅಭಿಪ್ರಾಯ. ಈ ಎರಡನ್ನೂ ತುಸು ವಿವರವಾಗಿ ಹೇಳಬೇಕಾಗಿದೆ.

ಮೊದಲು ಕಣದ ಮಾತು. ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಎಂದು ಮೂರು ಗಾತ್ರದ ಕಣಗಳಿರುವುದು ನಿಮಗೆಲ್ಲ ತಿಳಿದದ್ದೇ. ಜೇಡಿ ಎಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ, ಅಂದರೆ ಎರಡು ಮೈಕ್ರಾನಿಗಿಂತಲೂ ಚಿಕ್ಕದು. ನಿಂತ ನೀರಿನಲ್ಲಿ ಇಂಥ ಕಣ ಹತ್ತು ಸೆಂಟಿಮೀಟರು ಕೆಳಗಿಳಿಯಲು ಆರೇಳು ಗಂಟೆ ಬೇಕು. ಎಲ್ಲ ಕಣಗಳೂ ಸರಿಯಾಗಿ ಎರಡು ಮೈಕ್ರಾನಿನವೇ ಎಂದು ಹಿಡಿದರೂ ಒಂದು ಗ್ರಾಮು ಜೇಡಿಯಲ್ಲಿ ಸುಮಾರು 9,000 ಕೋಟಿ ಕಣಗಳಿರುತ್ತವೆ. ಗೊಬ್ಬರ ಹಿಡಿದಿಡುವುದು, ನೀರು ಹಿಡಿದಿಡುವುದು, ಗದ್ದೆ ಕೆಸರಾಗುವುದು, ಬೇಸಿಗೆಯಲ್ಲಿ ಬಿರಿಯುವುದು ಇವೆಲ್ಲ ಮುಖ್ಯವಾಗಿ ಈ ಕಣಗಳ ಕೆಲಸ. ಮರಳಿಗೆ ಇದರಲ್ಲಿ ಪಾಲು ಕಡಿಮೆ.

ಸಾಮಾನ್ಯ ಸೂಕ್ಷ್ಮದರ್ಶಕ ಬೆಳಕಿನಿಂದ ನೋಡುವಂಥದು. ಬೆಳಕಿನ ಅಲೆಯೇ ಸುಮಾರು ಅರ್ಧ ಮೈಕ್ರಾನು ಉದ್ದವಿರುವಾಗ, ಅದಕ್ಕಿಂತ ತೆಳುವಾದ ಜೇಡಿಯ ಪದರಗಳನ್ನು ಬೆಳಕಿನಲ್ಲಿ ಬಿಡಿಸಿ ನೋಡುವುದು ಆಗದ ಕೆಲಸ. ಬೆಳಕಿನ ಬದಲು ಎಲೆಕ್ಟ್ರಾನುಗಳ ಕಿರಣವನ್ನು ಬಳಸುವ ಯಂತ್ರವನ್ನು 1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ ಎಂಬವರು ಕಟ್ಟಿದರು. ರುಸ್ಕಾ ಅವರಿಗೆ ಇದಕ್ಕಾಗಿ ನೊಬೆಲ್ ಬಹುಮಾನ ಬಂದದ್ದು 1986ರಲ್ಲಿ, ಐವತ್ತೈದು ವರ್ಷಗಳ ಮೇಲೆ. ಕಣದ ಮೈಮೇಲೆ ಎಲೆಕ್ಟ್ರಾನ್ ಕಿರಣವನ್ನು ಗೆರೆಗೆರೆಯಾಗಿ ಓಡಿಸಿ ಚಿತ್ರ ತೆಗೆಯುವ ಬಗೆಯ ಯಂತ್ರ 1965ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಮಾರುಕಟ್ಟೆಗೆ ಬಂತು. ಎಲೆಕ್ಟ್ರಾನ್ ತಾಗಿದ ಜಾಗದಿಂದ ಎಕ್ಸ್ ಕಿರಣಗಳು ಹೊರಡುತ್ತವೆ. ಒಂದೊಂದು ಧಾತುವಿನದ್ದೂ ಒಂದೊಂದು ಗುರುತಿನ ಕಿರಣ. ಅದನ್ನು ಅಳೆದು ಅಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವ ವಿದ್ಯೆಯನ್ನು ಫ್ರಾನ್ಸಿನ ರೇಮಂಡ್ ಕಾಸ್ಟಾಂಗ್ 1951ರ ತಮ್ಮ ಪ್ರೌಢ ಪ್ರಬಂಧದಲ್ಲಿ ರೂಪಿಸಿದರು. ಮಾರುವವರು ತೋರಿಸುವ ಶೇಕಡಾ ಪಟ್ಟಿ ಈ ವಿದ್ಯೆಯ ಮರಿ.

ಇದರಲ್ಲಿ ನಮ್ಮ ಮಣ್ಣು ಹೇಗೆ ಕಾಣುತ್ತದೆ? ನಾಲ್ಕು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಈ ನಾಡಿನಲ್ಲಿ ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ಲಕ್ಷಾಂತರ ವರ್ಷಗಳಿಂದ ತೊಳೆದು ಸಮುದ್ರ ಸೇರಿವೆ. ಉಳಿದಿರುವುದು ಮಳೆಗೆ ಜಗ್ಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಅವುಗಳ ಜೊತೆಗೆ ಕೆಯೊಲಿನೈಟ್ ಎಂಬ ಜೇಡಿ ಖನಿಜ. ಮುರಕಲ್ಲು ಎಂದರೆ ಇದೇ ಕಬ್ಬಿಣ ಅಲ್ಯೂಮಿನಿಯಂಗಳು ಗಟ್ಟಿಯಾಗಿ ನಿಂತದ್ದು. ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರದು. ಕಡಿದು ಗೋಡೆ ಕಟ್ಟುವ ನಮ್ಮವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲವೆನ್ನಿ.

ಮುರಕಲ್ಲಿನ ಕೆಳಗೆ, ಗಟ್ಟಿ ಕರಿಕಲ್ಲಿನ ಮೇಲೆ, ನಡುವೆ ಒಂದು ಪದರವಿದೆ. ಬಾವಿ ತೋಡಿಸಿದವರಿಗೆಲ್ಲ ಅದರ ಪರಿಚಯವುಂಟು. ಬಿಳಿ, ಹಳದಿ, ನಸುಗೆಂಪು ಬಣ್ಣದ, ಕೈಗೆ ಹಿಟ್ಟಿನಂತೆ ಹತ್ತುವ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿಯಿತೆಂದರೆ ಗಂಜಿಯಂತೆ ಜಾರುತ್ತದೆ. ರಸ್ತೆ, ರೈಲು ಹಾದಿಗಳ ಪಕ್ಕದ ಗುಡ್ಡ ಮಳೆಗಾಲದಲ್ಲಿ ಕುಸಿಯುವುದಕ್ಕೆ ಈ ಮಣ್ಣು ಒಂದು ಕಾರಣವಾದ್ದರಿಂದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನವರು, ಅಂದರೆ 1960ರಲ್ಲಿ ಕೆ.ಆರ್.ಇ.ಸಿ. ಎಂದು ಆರಂಭವಾಗಿ ಈಗ ಎನ್.ಐ.ಟಿ.ಕೆ. ಆಗಿರುವ ಸಂಸ್ಥೆಯವರು, ಇದನ್ನು ಬಹಳ ಕಾಲದಿಂದ ಅಭ್ಯಾಸ ಮಾಡಿದ್ದಾರೆ. ಎಂಜಿನಿಯರರಿಗೆ ಶೇಡಿ ಒಂದು ಶತ್ರು. ನಮ್ಮ ತೋಟಗಳಿಗೆ ಮಾತ್ರ ಅದೇ ಶೇಡಿ ‘ನುಣುಪು ಹೂಳು’ ಎಂಬ ಹೆಸರಿನಲ್ಲಿ ಬರುತ್ತಿದೆ. ನೋಡಲು ಮೆಕ್ಕಲು ಮಣ್ಣಿನಂತೆ ಇರುವುದರಿಂದ ಮೋಸ ಹೋಗುವುದು ಸುಲಭ.

ಈಗ ಆ ಕಾಗದಕ್ಕೆ ಬರೋಣ. ಎಲೆಕ್ಟ್ರಾನ್ ದರ್ಶಕದಲ್ಲಿ ಮಣ್ಣಿನ ಪುಡಿಯನ್ನು ಬರಿದೇ ಇಡಲಾಗುವುದಿಲ್ಲ. ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನ ಚಿಕ್ಕ ಗುಂಡಿಯೊಂದರ ಮೇಲೆ ಇಂಗಾಲದ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಪುಡಿ ಉದುರಿಸಿ, ವಿದ್ಯುತ್ತು ಹರಿಯಲೆಂದು ಚಿನ್ನದ ತೆಳುಲೇಪ ಕೊಡುತ್ತಾರೆ. ಎಲೆಕ್ಟ್ರಾನ್ ಕಿರಣ ತಾಗಿದಲ್ಲೇ ನಿಲ್ಲುವುದಿಲ್ಲ, ಒಂದೆರಡು ಮೈಕ್ರಾನು ಆಳಕ್ಕೂ ಅಕ್ಕಪಕ್ಕಕ್ಕೂ ಹೊಕ್ಕು ಹರಡುತ್ತದೆ. ದಪ್ಪ ಮರಳಿನ ಕಣವಾದರೆ ತೊಂದರೆಯಿಲ್ಲ. ಜೇಡಿಯ ಕಣ ಅದಕ್ಕಿಂತ ತೆಳುವಾದದ್ದರಿಂದ ಕಿರಣ ಕಣವನ್ನು ದಾಟಿ ಪಕ್ಕದ ಕಣವನ್ನೂ, ಕೆಳಗಿನ ಅಂಟನ್ನೂ ಓದಿಬಿಡುತ್ತದೆ. ಹೀಗಿರುವಾಗ ಪಟ್ಟಿಯಲ್ಲಿ ‘ಇಂಗಾಲ ಶೇ. 12’ ಎಂದು ಕಂಡರೆ ಅದು ಮಣ್ಣಿನ ಸಾವಯವ ಇಂಗಾಲವೇ ಆಗಬೇಕೆಂದಿಲ್ಲ, ಅಂಟುಪಟ್ಟಿಯ ಇಂಗಾಲವೂ ಆಗಿರಬಹುದು. ಅಲ್ಯೂಮಿನಿಯಮ್ಮಿನ ಪಾಲೂ ಅಷ್ಟೇ. ಇದು ತಿಳಿದ ವಿಜ್ಞಾನಿಗಳು ಕಣಗಳನ್ನು ಅರಗಿನಂಥ ವಸ್ತುವಿನಲ್ಲಿ ಕೂರಿಸಿ, ಒರೆದು ನಯಮಾಡಿ, ಕಿರಣದ ಬಲ ತಗ್ಗಿಸಿ, ನೂರಾರು ಕಣಗಳನ್ನು ಎಣಿಸಿದ ಮೇಲಷ್ಟೇ ಮಾತಾಡುತ್ತಾರೆ. ಮಾರುವವರ ಕಾಗದದಲ್ಲಿ ಇರುವುದು ಸಾಮಾನ್ಯವಾಗಿ ಒಂದೋ ಎರಡೋ ಕಣ. 9,000 ಕೋಟಿಯಲ್ಲಿ ಎರಡು!

ಇನ್ನೂ ಒಂದು ಸೂಕ್ಷ್ಮವಿದೆ. ಯಂತ್ರ ಹೇಳುವುದು ಧಾತುವನ್ನು, ಖನಿಜವನ್ನಲ್ಲ. ಕೆಯೊಲಿನೈಟಿನಲ್ಲಿ ಸಿಲಿಕಾನ್ ಅಲ್ಯೂಮಿನಿಯಂ ಪರಮಾಣುಗಳು ಸರಿಸಮ. ಬಯಲುಸೀಮೆಯ ಎರೆಮಣ್ಣಿನ ಮಾಂಟ್ಮೊರಿಲೊನೈಟಿನಲ್ಲಿ ಸಿಲಿಕಾನ್ ಸುಮಾರು ಎರಡು ಪಟ್ಟು. ಈ ಲೆಕ್ಕದಿಂದ ಖನಿಜವನ್ನು ಊಹಿಸಬಹುದು. ಆದರೆ ಕಣದ ಪಕ್ಕದಲ್ಲಿ ಒಂದು ಚೂರು ಮರಳಿನ ಕಲ್ಲಿದ್ದರೆ ಲೆಕ್ಕ ತಪ್ಪಿಹೋಗುತ್ತದೆ. ಆದುದರಿಂದ ಖನಿಜದ ಜಾತಿಯನ್ನು ಖಚಿತಪಡಿಸಲು ಎಕ್ಸ್ ಕಿರಣ ಚದುರಿಸಿ ನೋಡುವ ಬೇರೆ ಪರೀಕ್ಷೆಯನ್ನೂ ಜೊತೆಗೆ ಮಾಡಬೇಕಾಗುತ್ತದೆ. ಕಣದ ಆಕಾರವೂ ಸಾಕ್ಷಿ ಹೇಳುತ್ತದೆ. ಕೆಯೊಲಿನೈಟ್ ಆರು ಮೂಲೆಯ ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸಿಕೊಂಡು ಕೂತಿರುತ್ತದೆ, ಅದರ ದಾಯಾದಿ ಹ್ಯಾಲೋಸೈಟ್ ಸುರುಳಿ ಸುತ್ತಿದ ಚಾಪೆಯಂತೆ ಕಾಣುತ್ತದೆ.

ಜಾತಿ ತಿಳಿದರೆ ರೈತನಿಗೇನು ಲಾಭ ಎಂದು ನೀವು ಕೇಳಬಹುದು. ಲಾಭವಿದೆ. ಜೇಡಿಯ ಕಣವನ್ನು ಒಂದು ಹಟ್ಟಿ ಎಂದುಕೊಳ್ಳಿ. ನಾವು ಹಾಕುವ ಪೊಟ್ಯಾಷ್, ಅಮೋನಿಯಾ, ಸುಣ್ಣ ಇವು ದನಗಳು. ಹಟ್ಟಿಯಲ್ಲಿ ಎಷ್ಟು ಗೂಟಗಳಿವೆಯೋ ಅಷ್ಟೇ ದನಗಳನ್ನು ಕಟ್ಟಬಹುದು, ಉಳಿದವು ಮಳೆ ಬಂದೊಡನೆ ತೋಡಿನ ಹಾದಿ ಹಿಡಿಯುತ್ತವೆ. ಪ್ರಯೋಗಶಾಲೆಯ ಅಳತೆಯಲ್ಲಿ 100 ಗ್ರಾಮು ಮಾಂಟ್ಮೊರಿಲೊನೈಟಿಗೆ 80ರಿಂದ 120 ಗೂಟಗಳಿದ್ದರೆ, ಕೆಯೊಲಿನೈಟಿಗೆ ಇರುವುದು 3ರಿಂದ 15 ಮಾತ್ರ. ಆದ್ದರಿಂದ ‘ಶೇ. 40 ಜೇಡಿ’ ಎಂಬ ಒಂದೇ ಮಾತಿಗೆ ವಿಜಯಪುರದಲ್ಲಿ ಒಂದು ಅರ್ಥ, ನಿಟ್ಟೆಯಲ್ಲಿ ಇನ್ನೊಂದು ಅರ್ಥ. ಅಲ್ಲಿನ ಪುಸ್ತಕ ನೋಡಿ ಇಲ್ಲಿ ಮೇ ತಿಂಗಳ ಕೊನೆಗೆ ವರ್ಷದ ಪೊಟ್ಯಾಷನ್ನೆಲ್ಲ ಒಮ್ಮೆಲೇ ಸುರಿದವರ ದುಡ್ಡು ಅರಬ್ಬೀ ಸಮುದ್ರಕ್ಕೆ. ಕೊಳೆತ ಸೊಪ್ಪು, ಹಟ್ಟಿಗೊಬ್ಬರಗಳಿಂದಾಗುವ ಕಪ್ಪು ಸಾರಕ್ಕಾದರೋ 100 ಗ್ರಾಮಿಗೆ 200ರ ಆಸುಪಾಸು ಗೂಟಗಳು. ನಮ್ಮ ಹಿರಿಯರು ಬೆಟ್ಟಿನಿಂದ ಸೊಪ್ಪು ತಂದು ತಂದು ಬೈಲು ಗದ್ದೆಗೆ ತುಳಿದದ್ದು ಈ ಲೆಕ್ಕವನ್ನು ಓದಿ ಅಲ್ಲ, ಆದರೆ ಲೆಕ್ಕ ಸರಿಯಾಗಿಯೇ ಇತ್ತು.

ರಂಜಕದ್ದು ಬೇರೆ ಕತೆ. ಕಬ್ಬಿಣ, ಅಲ್ಯೂಮಿನಿಯಮ್ಮಿನ ಹುಡಿ ರಂಜಕವನ್ನು ಕಚ್ಚಿ ಹಿಡಿದು ಬೇರಿಗೆ ಬಿಡದು. ಏಣೆಲು ಗದ್ದೆಯಲ್ಲಿ ನೀರು ನಿಂತಾಗ ಕಬ್ಬಿಣ ಕರಗಿ ಹಿಡಿತ ಸಡಿಲವಾಗುತ್ತದೆ. ಬೈಲಿನ ಬದುವಿನ ಬಳಿ ನೀರಿನ ಮೇಲೆ ತುಕ್ಕು ಬಣ್ಣದ ಕೆನೆ ಕಟ್ಟುವುದು ಅದೇ ಕಬ್ಬಿಣ. ಮಜಲು, ಬೆಟ್ಟು ಗದ್ದೆಗಳಲ್ಲೂ ತೋಟಗಳಲ್ಲೂ ಆ ಅನುಕೂಲ ಅಷ್ಟಿಲ್ಲ. ಅಲ್ಲಿ ಸುಣ್ಣ, ಸಾವಯವ ಗೊಬ್ಬರ, ಬೇರಿನ ಬಳಿಗೇ ಕೊಡುವ ಶಿಲಾರಂಜಕ ಇವೇ ಗತಿ.

ಪೊಟ್ಯಾಷಿನ ಲೆಕ್ಕವನ್ನು ಮಾತ್ರ ಕಾಗದ ಪೆನ್ಸಿಲು ಹಿಡಿದು ಮಾಡಿ ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಒಟ್ಟು ಪೊಟ್ಯಾಷ್ ಶೇ. 1 ಎಂದು ಯಂತ್ರ ಹೇಳಿದರೆ 9,000 ಕಿಲೋ ಆಯಿತು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಎಕರೆಗೆ 550 ಮರವೆಂದರೆ ಪೊಟ್ಯಾಷ್ 77 ಕಿಲೋ. ಹಾಗಾದರೆ ಕಾಗದದ ಪ್ರಕಾರ ನೂರು ವರ್ಷಕ್ಕೂ ಮೇಲೆ ಗೊಬ್ಬರವೇ ಬೇಡ! ಹಾಗಾಗುವುದಿಲ್ಲ, ಏಕೆಂದರೆ ಆ ಪೊಟ್ಯಾಷಿನ ಬಹುಪಾಲು ಕಾಗೆಬಂಗಾರದ ಪದರಗಳ ಒಳಗೆ, ಫೆಲ್ಡ್‌ಸ್ಪಾರ್ ಹರಳುಗಳ ಒಳಗೆ ಬೀಗ ಹಾಕಿ ಕೂತಿರುತ್ತದೆ. ಎಲೆಕ್ಟ್ರಾನ್ ಬೀಗದ ಒಳಗನ್ನೂ ನೋಡುತ್ತದೆ, ಬೇರಿಗೆ ಆ ಶಕ್ತಿಯಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಬರೆಯುವ ‘ಲಭ್ಯ ಪೊಟ್ಯಾಷ್’ ಬೀಗದ ಹೊರಗಿರುವುದು. ಅದು ಹೆಕ್ಟೇರಿಗೆ ನೂರೋ ಇನ್ನೂರೋ ಕಿಲೋ ಇರುತ್ತದೆ. ಯಾರಾದರೂ ಖನಿಜದ ಪಟ್ಟಿ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: ಇದು ಒಟ್ಟು ಪ್ರಮಾಣವೋ, ಲಭ್ಯ ಪ್ರಮಾಣವೋ?

ಕಲ್ಲಿನ ಹುಡಿಯಲ್ಲಿ ಪೊಟ್ಯಾಷ್ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ನಿಧಾನವಾಗಿ ಬಿಡುತ್ತದೆ. ಎಷ್ಟು ನಿಧಾನ ಎಂಬುದಕ್ಕೆ ಕಾರ್ಕಳದ ಗೊಮ್ಮಟನಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1432ರಲ್ಲಿ ನಿಂತ 42 ಅಡಿಯ ಆ ಕರಿಕಲ್ಲಿನ ಮೂರ್ತಿ ಸುಮಾರು ಆರುನೂರು ಮಳೆಗಾಲ ಕಂಡಿದೆ, ಮುಖದ ಗೆರೆಗಳು ಮಾಸಿಲ್ಲ. ಹುಡಿ ಮಾಡಿದ ಕಲ್ಲು ಇಡೀ ಬಂಡೆಗಿಂತ ಬೇಗ ಕರಗುತ್ತದೆ ನಿಜ. ಆದರೆ ಈ ವರ್ಷ ಹಾಕಿ ಬರುವ ವರ್ಷ ಕೊನೆ ತೂಗುವಷ್ಟು ಬೇಗ ಅಲ್ಲ. ನುಣುಪಾದದ್ದೆಲ್ಲ ಫಲವತ್ತು ಎಂದಾಗಿದ್ದರೆ ಕುದುರೆಮುಖದಲ್ಲಿ ಅದಿರು ತೆಗೆದು ಉಳಿದ ಹುಡಿ ತುಂಬಿದ ಲಕ್ಯಾ ಅಣೆಕಟ್ಟು ನಾಡಿನ ಅತ್ಯುತ್ತಮ ಗದ್ದೆಯಾಗಬೇಕಿತ್ತು. ಗಣಿ 2005ರ ಕೊನೆಗೆ ನಿಂತಿತು, ಅಲ್ಲಿ ಕೂತ ಹೂಳನ್ನು ಯಾರೂ ಗೊಬ್ಬರವೆಂದು ಹೊತ್ತು ತಂದದ್ದಿಲ್ಲ.

ಇನ್ನು ಸರಕಾರಕ್ಕೂ ವಿದ್ಯಾಸಂಸ್ಥೆಗಳಿಗೂ ಹೇಳಬೇಕಾದ ಮಾತು. ಇಲಾಖೆಯಲ್ಲಿ ಸಂಬಳ ತಿನ್ನುವವನೇ ಇದನ್ನು ಹೇಳುವುದು ಕೆಲವರಿಗೆ ರುಚಿಸಲಿಕ್ಕಿಲ್ಲ. 2015ರ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಒಳ್ಳೆಯ ಕೆಲಸವೇ. ಆದರೆ ಜೇಡಿ ಯಾವ ಜಾತಿಯದು ಎಂಬುದಕ್ಕೆ ಅದರಲ್ಲಿ ಮನೆಯೇ ಇಲ್ಲ. ಗೂಟಗಳೆಷ್ಟು ಎಂದು ಹೇಳದೆ ದನ ಎಷ್ಟು ಕೊಳ್ಳಬೇಕು ಎಂದು ಹೇಳಿದ ಹಾಗೆ ಇದು.

ಪ್ರತಿಯೊಬ್ಬ ರೈತನ ಮಣ್ಣನ್ನೂ ಎಲೆಕ್ಟ್ರಾನ್ ದರ್ಶಕಕ್ಕೆ ಇಡಿ ಎಂದು ನಾನು ಕೇಳುತ್ತಿಲ್ಲ, ಅದು ದುಡ್ಡಿನ ದಂಡ. ರಸಸಾರ ವರ್ಷ ವರ್ಷ ಬದಲಾಗುತ್ತದೆ, ಪೊಟ್ಯಾಷ್ ಒಂದೇ ಮಳೆಗೆ ಬದಲಾಗುತ್ತದೆ, ಜೇಡಿಯ ಜಾತಿ ತಲೆಮಾರು ಕಳೆದರೂ ಬದಲಾಗುವುದಿಲ್ಲ. ಹಾಗಾಗಿ ಒಂದು ಗ್ರಾಮ ಪಂಚಾಯತಿನಲ್ಲಿ ಬೈಲು, ಮಜಲು, ಬೆಟ್ಟು, ತೋಟ, ಶೇಡಿ ಎಂದು ಐದಾರು ಮಾದರಿಗಳನ್ನು ಒಂದೇ ಒಂದು ಸಲ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಸರಳ ಕನ್ನಡದಲ್ಲಿ ಬರೆದು ಪಂಚಾಯತು ಕಚೇರಿಯಲ್ಲೂ ವಾಚನಾಲಯದಲ್ಲೂ ತೂಗುಹಾಕಿದರೆ ಮೂವತ್ತು ವರ್ಷಕ್ಕೆ ಸಾಕು.

ಇದಕ್ಕೆ ಬೇಕಾದ ಯಂತ್ರವೂ ವಿದ್ಯೆಯೂ ದೂರದಲ್ಲಿಲ್ಲ. ಸುರತ್ಕಲ್, ಮಣಿಪಾಲಗಳಲ್ಲಿ ಎಲೆಕ್ಟ್ರಾನ್ ದರ್ಶಕಗಳಿವೆ. ಮಣಿಪಾಲದ ಎಂ.ಐ.ಟಿ.ಯ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಕೆರೆಗಳ ಹೂಳನ್ನು ಅಭ್ಯಾಸ ಮಾಡಿದವರು. ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನದವರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನಲ್ಲಿರುವ ಕಬ್ಬಿಣದ ಕಣಗಳ ಕಾಂತಗುಣವನ್ನು ಅಳೆದು, ಹಿಂದಿನ 3,700 ವರ್ಷಗಳ ಮಳೆಯ ಏರಿಳಿತವನ್ನು ಓದಿದವರು. ಮೆಚ್ಚಬೇಕಾದ ಕೆಲಸಗಳು. ನಿಟ್ಟೆಯಲ್ಲೇ 1986ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಪ್ರತಿವರ್ಷ ಹುಡುಗರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಕಾಲೇಜಿನ ಆವರಣ ದಾಟಿದರೆ ಗದ್ದೆ. ದಕ್ಷಿಣ ಧ್ರುವದ ಕೆಸರಿಗೆ ಸಿಕ್ಕ ಮರ್ಯಾದೆ ಪಡುಬಿದ್ರಿ ರಸ್ತೆಯ ಬದಿಯ ಕೆಸರಿಗೂ ಸಿಗಲಿ ಎಂದು ಕೇಳಿದರೆ ಅತಿಯಾಗದಷ್ಟೆ. ಪಂಚಾಯತು ಸದಸ್ಯರು ಒಂದು ಠರಾವು ಮಾಡಿ ಕಾಲೇಜಿನ ಪ್ರಾಂಶುಪಾಲರಿಗೂ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೂ ಕಳುಹಿಸಲಿ. ಮಾದರಿ ತೆಗೆದುಕೊಡಲು ನಮ್ಮ ರೈತ ಸಂಪರ್ಕ ಕೇಂದ್ರದವರು ಜೊತೆಗೆ ಬರುತ್ತೇವೆ.

ಅಲ್ಲಿಯವರೆಗೆ ಹೂಳು ಕೊಳ್ಳುವವರು ಏನು ಮಾಡಬೇಕು? ಕೆರೆ ಹೂಳು ಕೆಟ್ಟದ್ದೆಂದು ಯಾರೂ ತಿಳಿಯಬಾರದು. ತರಗೆಲೆ, ಸೆಗಣಿ ನೀರು ಬಂದು ಸೇರಿದ ಮದಗದ ಮೇಲ್ಪದರದ ಕಪ್ಪು ಹೂಳು ಚಿನ್ನವೇ ಸರಿ. ಅದು ನಿಮ್ಮದೇ ಬೆಟ್ಟಿನ ಮೇಲ್ಮಣ್ಣು, ಮಳೆಯ ಜೊತೆ ಇಳಿದುಹೋದದ್ದು. ಕೆರೆಯ ತಳ ಕಡಿಯುತ್ತಾ ಹೋದ ಹಾಗೆ ಬರುವ ಬಿಳಿ, ಹಳದಿ, ನಸುಗೆಂಪು ಮಣ್ಣು ಮಾತ್ರ ಶೇಡಿ. ಒಂದೇ ಕೆರೆಯಿಂದ ಬೆಳಿಗ್ಗೆ ಬಂದ ಟಿಪ್ಪರಿಗೂ ಸಂಜೆ ಬಂದ ಟಿಪ್ಪರಿಗೂ ವ್ಯತ್ಯಾಸವಿರುತ್ತದೆಂಬುದನ್ನು ಮರೆಯಬೇಡಿ. ಶೇಡಿಯನ್ನು ಅಡಿಕೆಯ ಬುಡಕ್ಕೆ ಹಾಕಿದರೆ ಮಳೆಗಾಲದಲ್ಲಿ ನೀರು ಬಸಿಯದೆ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಹೆಪ್ಪುಗಟ್ಟಿ ಗಾಳಿಯಾಡದು. ಹುಳಿ ಹೆಚ್ಚಿರುವ ಇಂಥ ಮಣ್ಣಿನಲ್ಲಿ ರಸಸಾರ ಐದೂವರೆಯ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಎಳೆಬೇರಿನ ತುದಿಯನ್ನು ಸುಡುತ್ತದೆ. ಮಾರುವವರ ಪಟ್ಟಿಯಲ್ಲಿ ‘ಖನಿಜ’ವೆಂದು ಹೆಮ್ಮೆಯಿಂದ ಬರೆದಿರುವ ಅಲ್ಯೂಮಿನಿಯಂ ಇದೇ.

ಟಿಪ್ಪರು ಇಳಿಸುವ ಮೊದಲು ಒಂದು ಹಿಡಿ ಮಣ್ಣನ್ನು ಬಿಳಿ ಗಾಜಿನ ಬಾಟಲಿಗೆ ಹಾಕಿ, ಮುಕ್ಕಾಲು ಭಾಗ ನೀರು ತುಂಬಿ, ಒಂದು ಚಿಟಿಕೆ ಬಟ್ಟೆ ಸೋಡ ಬೆರೆಸಿ, ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ಕೂತದ್ದು ಮರಳು, ಒಂದೆರಡು ಗಂಟೆಯೊಳಗೆ ಕೂತದ್ದು ಹೆಚ್ಚಾಗಿ ರೇವೆ, ಮರುದಿನವೂ ನೀರನ್ನು ಹಾಲಿನಂತೆ ಕಲಕಿ ಇಟ್ಟದ್ದು ಜೇಡಿ. ಮೇಲೆ ತೇಲುವ ಕಪ್ಪು ಕಸ ಸಾವಯವ ವಸ್ತು. ಅದು ಏನೂ ಇಲ್ಲದೆ ಬಿಳಿ ಅಥವಾ ನಸುಗೆಂಪು ಹಾಲು ಮಾತ್ರ ಉಳಿದರೆ ಆ ಲೋಡನ್ನು ಹಿಂದೆ ಕಳುಹಿಸಿ. ಒಳ್ಳೆಯ ಹೂಳು ಎಂದು ಕಂಡರೂ ಒಂದು ಬೇಸಿಗೆ ಒಣಗಿಸಿ, ಬುಡದಿಂದ ದೂರ ಎರಡು ಅಂಗುಲಕ್ಕಿಂತ ದಪ್ಪವಿಲ್ಲದಂತೆ ಹರಡಿ, ಮೇಲೆ ಸೊಪ್ಪು ಮುಚ್ಚಿರಿ. ಪರೀಕ್ಷೆಗೆ ಕೊಡುವವರು ರಾಶಿಯ ಹತ್ತು ಕಡೆಯಿಂದ ಒಂದೊಂದು ಹಿಡಿ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಮಾತ್ರ ಬಟ್ಟೆಯ ಚೀಲದಲ್ಲಿ ತನ್ನಿ. ಗೊಬ್ಬರದ ಹಳೆಯ ಚೀಲದಲ್ಲಿ ತಂದರೆ ಚೀಲದ ಪೊಟ್ಯಾಷೇ ಪರೀಕ್ಷೆಯಾಗುತ್ತದೆ.